ಕೋಚಿಗೆ ಕಾಶ್ಯಪ ಗೋತ್ರ

ಹೊಸ ಹೆಡ್ ಕೋಚ್ ನೇಮಕವಾದ ಸುದ್ದಿ ನಮ್ಮ ಮನೆಯೊಳಗೆ ಬಂದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ. ಬಾಗಿಲಾಚೆ ಬಿದ್ದಿದ್ದ ಪೇಪರು ತರಲು ಹೋದ ನಮ್ಮ ಯಜಮಾನರು ಚಪ್ಪಲಿಯನ್ನೂ ಬಿಡದೆ ನೆಟ್ಟಗೆ ಅಡುಗೆಮನೆಗೆ ನುಗ್ಗಿದರು.

"ಬಂದ ಕಣೇ! ಕೊನೆಗೂ ಒಬ್ಬ ಬಂದ!"

ಊರಿಂದ ಯಾರೋ ಹೇಳದೆ ಕೇಳದೆ ಬಂದಿಳಿದರೇನೋ ಎಂದು ನಾನು ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದೆ. ಯಾರೂ ಇಲ್ಲ. ಇವರು ಪೇಪರಿನ ಸ್ಪೋರ್ಟ್ಸ್ ಪುಟವನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಅದರಲ್ಲಿ ದಪ್ಪ ಕತ್ತಿನ, ಬೋಳುತಲೆಯ ಒಬ್ಬ ಮನುಷ್ಯ ಬಿಗಿಯಾಗಿ ಟೈ ಕಟ್ಟಿಕೊಂಡು ಕಷ್ಟಪಟ್ಟು ನಗುತ್ತಿದ್ದ.

"ಯಾರ್ರೀ ಇವನು?"

"ನಮ್ಮ ಕಾಲೇಜ್ ಟೀಮಿನ ಹೊಸ ಹೆಡ್ ಕೋಚು. ಹೋದ ಕಡೆಯೆಲ್ಲ ಟೀಮನ್ನ ಎತ್ತಿ ನಿಲ್ಲಿಸಿರೋ ಮನುಷ್ಯ. ಬರೆದಿಟ್ಕೋ, ಮುಂದಿನ ವರ್ಷ ನಮ್ಮನ್ನ ಹಿಡಿಯೋರೇ ಇಲ್ಲ."

ನಾನು ಏನನ್ನೂ ಬರೆದಿಟ್ಟುಕೊಳ್ಳಲಿಲ್ಲ. ಹಿಂದಿನ ಕೋಚ್ ಬಂದಾಗಲೂ ಇದೇ ಮಾತು ಕೇಳಿದ್ದೆ. ಆ ಮಹಾನುಭಾವನನ್ನು ಕಾಲೇಜಿನವರು ಹೋದ ತಿಂಗಳಷ್ಟೇ ಮನೆಗೆ ಕಳಿಸಿದ್ದರು. ಅರ್ಧ ಹುರಿದ ರವೆಯಲ್ಲೇ ಅವತ್ತು ಉಪ್ಪಿಟ್ಟು ಮಾಡಿದೆ, ಅದು ಬಾಯಿಗಿಡಲು ಆಗದಂತೆ ಮುದ್ದೆಯಾಗಿತ್ತು. ಇವರು ಎರಡು ಸಲ ಹಾಕಿಸಿಕೊಂಡು ತಿಂದರು.

ನಾವಾಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸನ್ನಿವೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಎಂಬತ್ತರ ದಶಕ. ಇವರು ಮೈಸೂರಿನವರು, ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರು. ನಾನು ಹಾಸನದವಳು, ಮದುವೆಯಾಗಿ ಬಂದವಳು. ಇವರು ಎಂ.ಎಸ್. ಓದಿದ ಕಾಲೇಜು ನಮ್ಮ ಮನೆಯಿಂದ ಫ್ರೀವೇಯಲ್ಲಿ ಅರ್ಧ ಗಂಟೆಯ ದಾರಿ. ಆ ಕಾಲೇಜು ಇವರಿಗೆ ಡಿಗ್ರಿ ಕೊಟ್ಟದ್ದಲ್ಲದೆ ಈ ಫುಟ್‌ಬಾಲ್ ರೋಗವನ್ನೂ ಅಂಟಿಸಿ ಕಳಿಸಿತ್ತು. ನಮ್ಮೂರಿನಲ್ಲಿ ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವುಚಿಕೊಂಡು ಒಬ್ಬ ಓಡುತ್ತಾನೆ, ಅವನ ಮೇಲೆ ನಾಲ್ಕು ಜನ ಬೀಳುತ್ತಾರೆ. ಎದ್ದು ಮೈ ಕೊಡವಿ, ಗುಂಪುಗೂಡಿ ಏನೋ ಮಾತಾಡಿಕೊಂಡು, ಮತ್ತೆ ಬೀಳುತ್ತಾರೆ. ಹೀಗೆ ಮೂರು ಗಂಟೆ. ನಮ್ಮ ಟೀಮಿನವರು ಬೀಳುವುದರಲ್ಲಿ ಎತ್ತಿದ ಕೈ, ಓಡುವುದರಲ್ಲಿ ಅಷ್ಟಕ್ಕಷ್ಟೆ.

ಇದನ್ನೆಲ್ಲ ಹೇಳುವ ಮೊದಲು ಇನ್ನೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಇವರು ಬರೀ ಹುಚ್ಚರ ಹಾಗೆ ಕಾಣುತ್ತಾರೆ. ಆಗ ನಮಗೆ ಮದುವೆಯಾಗಿ ಆರು ವರ್ಷ. ಎರಡು ಸಲ ನಾನು ಬಸುರಾಗಿದ್ದೆ, ಎರಡು ಸಲವೂ ಉಳಿಯಲಿಲ್ಲ. ಮೊದಲ ಸಲ ತಿಳಿದ ದಿನವೇ ಇವರು ಆಫೀಸಿನವರಿಗೆಲ್ಲ ಮೈಸೂರುಪಾಕು ಹಂಚಿ ಬಂದಿದ್ದರು, ಮೂರು ತಿಂಗಳಿಗೆ ಹೋಯಿತು. ಎರಡನೆಯ ಸಲ ಚಿಕ್ಕ ರೂಮಿಗೆ ಹಳದಿ ಬಣ್ಣ ಹೊಡೆದರು, ಅಂಗಡಿಯಿಂದ ತೊಟ್ಟಿಲು ಮಂಚ ತಂದು ಒಂದು ಭಾನುವಾರ ಪೂರ್ತಿ ಕೂತು ಸ್ಕ್ರೂ ತಿರುಗಿಸಿ ಜೋಡಿಸಿದರು. ಐದನೆಯ ತಿಂಗಳಲ್ಲಿ ಅದೂ ಹೋಯಿತು. ನಾನು ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಇವರು ಅದೇ ರೂಮಿನಲ್ಲಿ ನನಗೆ ಬೆನ್ನು ಮಾಡಿ ಕೂತು ಆ ಸ್ಕ್ರೂಗಳನ್ನೆಲ್ಲ ಬಿಚ್ಚಿದರು. ಅಳುತ್ತಿದ್ದಾರೆ ಎಂದು ಭುಜ ನೋಡಿದರೇ ತಿಳಿಯುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ನಮ್ಮ ಮನೆಯಲ್ಲಿ ಮಗು ಎನ್ನುವ ಮಾತೇ ನಿಂತುಹೋಯಿತು. ಯಾರೂ ನಿಲ್ಲಿಸಿ ಎಂದು ಹೇಳಿರಲಿಲ್ಲ, ತಾನಾಗಿ ನಿಂತಿತು. ಆ ಜಾಗಕ್ಕೆ ಬಂದು ಕೂತವನೇ ಈ ಕೋಚು.

ಜನವರಿಯಿಂದ ಇವರ ಬಾಯಲ್ಲಿ ಬೇರೆ ಮಾತಿಲ್ಲ. ಕೋಚು ಹೊಸ ಹುಡುಗರನ್ನು ಆರಿಸುತ್ತಿದ್ದಾನಂತೆ. ಬೆಳಿಗ್ಗೆ ಐದಕ್ಕೇ ಎದ್ದು ಆಫೀಸಿಗೆ ಬರುತ್ತಾನಂತೆ. ಹುಡುಗರು ಕೂದಲು ಚಿಕ್ಕದಾಗಿ ಕತ್ತರಿಸಬೇಕು, ಕ್ಲಾಸಿಗೆ ಚಕ್ಕರ್ ಹೊಡೆಯಬಾರದು ಎಂದು ಕಟ್ಟುನಿಟ್ಟು ಮಾಡಿದ್ದಾನಂತೆ. "ಶಿಸ್ತು ಕಣೇ, ಶಿಸ್ತು ಇರ್ಲಿಲ್ಲ ನಮ್ಮವರಲ್ಲಿ," ಎನ್ನುತ್ತಾ ತಮ್ಮ ಒದ್ದೆ ಟವೆಲನ್ನು ಸೋಫಾದ ಮೇಲೆ ಎಸೆಯುತ್ತಿದ್ದರು. ಶನಿವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರಿದರೆ ನಮ್ಮ ಕನ್ನಡದವರೆಲ್ಲ ಗ್ರೀನ್ ಕಾರ್ಡು, ಊರಿನ ಸೈಟು ಎಂದು ಮಾತಾಡುತ್ತಿರುವಾಗ ಇವರು ಚಟ್ನಿಪುಡಿಯಲ್ಲಿ ಬೆರಳಿಟ್ಟು ಆಟಗಾರರು ನಿಲ್ಲುವ ಕ್ರಮ ಬರೆದು ತೋರಿಸುತ್ತಿದ್ದರು. ಪಾಪ, ಅವರೆಲ್ಲ ಹೂಂಗುಟ್ಟುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಬೈಯುತ್ತಿದ್ದೆ.

ಮೇ ತಿಂಗಳಲ್ಲಿ ನಾನು ಮೂರನೆಯ ಸಲ ಬಸುರಾದದ್ದು ಗೊತ್ತಾಯಿತು. ಗ್ರೋಸರಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದಾಗ ಇವರಿಗೆ ಹೇಳಿದೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ನೋಡುತ್ತಾ ಕೂತರು. ಕೊನೆಗೆ "ಹೂಂ" ಎಂದರು. ಆಮೇಲೆ ಕೆಳಗಿಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದರು. ಆರು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸ. ಹಾಲಿನ ಕ್ಯಾನನ್ನು ನನಗೆ ಮುಟ್ಟಗೊಡಲಿಲ್ಲ. ಅಷ್ಟೆ, ಮತ್ತೆ ಆ ವಿಷಯ ಎತ್ತಲಿಲ್ಲ.

ಹಾಸನದಲ್ಲಿದ್ದ ನನ್ನ ಅಮ್ಮನಿಗೆ ಕಾಗದ ಬರೆದೆ. ಅಮ್ಮನೂ ಇವರ ಪಕ್ಷವೇ. "ಯಾರ ಹತ್ತಿರವೂ ಬಾಯಿ ಬಿಡಬೇಡ, ಹುಟ್ಟುವ ಮುಂಚೆ ತೊಟ್ಟಿಲು, ಬಟ್ಟೆ ಅಂತ ಒಂದು ಚೂರೂ ಮನೆಗೆ ತರಬೇಡಿ, ಹೋದ ಸಲ ಹಾಗೇ ಆಗಿದ್ದು," ಎಂದು ಎರಡೆರಡು ಗೆರೆ ಎಳೆದು ಬರೆದಿದ್ದಳು. ನಮ್ಮಲ್ಲಿ ಹಾಗೇ. ಹುಟ್ಟಿದ ಮೇಲೇ ಎಲ್ಲ. ಅದು ನನಗೂ ಗೊತ್ತಿತ್ತು, ನಾನೂ ನಂಬಿದವಳೇ. ಆದರೆ ಹೊರಗಿನವರಿಗೆ ಹೇಳದಿರುವುದು ಬೇರೆ, ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳದಿರುವುದು ಬೇರೆ. ಡಾಕ್ಟರ ಹತ್ತಿರ ಹೋಗುವಾಗ ಇವರೇ ರಜಾ ಹಾಕಿ ಕರೆದುಕೊಂಡು ಹೋಗುತ್ತಿದ್ದರು. ಹೊರಬಂದ ಮೇಲೆ "ಎಲ್ಲ ಸರಿನಾ?" ಎಂದು ಒಂದು ಪ್ರಶ್ನೆ. "ಸರಿ" ಎಂದರೆ, ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಕೋಚಿನ ವಿಷಯ ಶುರು.

ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಗೆಯುವ ಬಟ್ಟೆಯ ಬುಟ್ಟಿಯನ್ನು ಕೆಳಗಿನ ಲಾಂಡ್ರಿ ರೂಮಿಗೆ ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ದಾಳಿಂಬೆ ಬಿಡಿಸಿ ಬಟ್ಟಲಲ್ಲಿಟ್ಟು, ನಾನು ಮುಗಿಸುವವರೆಗೂ ಎದುರಿಗೆ ಕೂತು ಸ್ಪೋರ್ಟ್ಸ್ ಪುಟ ಓದುತ್ತಿದ್ದರು. ನಾನು ಎದ್ದರೆ ಪೇಪರು ಕೆಳಗಿಳಿಯುತ್ತಿತ್ತು, ಕೂತರೆ ಮೇಲೇಳುತ್ತಿತ್ತು.

ಆಗಸ್ಟಿನಲ್ಲಿ ಒಂದು ದಿನ ಅಭಿಮಾನಿಗಳು ಬಂದು ಕೋಚನ್ನು ನೋಡಬಹುದು, ಮಾತಾಡಿಸಬಹುದು ಎಂದು ಕಾಲೇಜಿನವರು ಕರೆದರು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಹೊರಡುವಾಗ ನಮ್ಮ ಅಪಾರ್ಟ್‌ಮೆಂಟಿನ ಹಿಂದಿದ್ದ ನಿಂಬೆಗಿಡದಿಂದ ಒಳ್ಳೆಯದೊಂದು ಹಣ್ಣು ಆರಿಸಿ ಕಿತ್ತು ಜೇಬಿಗೆ ಹಾಕಿಕೊಂಡದ್ದನ್ನು ನೋಡಿದೆ. ನನಗೆ ತಿಳಿಯಿತು. ಇವರ ತಂದೆ ಮೈಸೂರಿನಲ್ಲಿ ಯಾವ ಸಾಹೇಬರನ್ನು ನೋಡಲು ಹೋದರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ, ಒಂದು ನಿಂಬೆಹಣ್ಣು ಕೊಟ್ಟು ಕೈಮುಗಿಯುತ್ತಿದ್ದರು.

"ಬೇಡ ರೀ, ಅವನಿಗೇನು ಗೊತ್ತಾಗುತ್ತೆ ಇದೆಲ್ಲ? ಜ್ಯೂಸ್ ಮಾಡ್ಕೊಳಕ್ಕೆ ಕೊಟ್ರು ಅಂದ್ಕೋತಾನೆ."

"ಮಾಡ್ಕೊಳ್ಲಿ ಬಿಡು. ಬರಿಗೈಯಲ್ಲಿ ಹೋಗಬಾರದು."

ಕೋಚು ಪೇಪರಿನಲ್ಲಿ ಕಂಡದ್ದಕ್ಕಿಂತ ಎತ್ತರವಿದ್ದ. ಸಾಲಿನಲ್ಲಿ ನಮ್ಮ ಸರದಿ ಬಂದಾಗ ಇವರು ಎರಡೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ಕೊಟ್ಟರು. ಅವನು ಅದನ್ನು ತಿರುಗಿಸಿ ನೋಡಿದ, ಮೂಸಿದ, "ಥ್ಯಾಂಕ್ಯೂ ಸರ್" ಎಂದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿ ನನಗೂ ನಕ್ಕು ಕೈಕೊಟ್ಟ. ಒಳ್ಳೆಯ ಮನುಷ್ಯ ಅನ್ನಿಸಿತು, ಆದರೆ ಇವರ ಮುಂದೆ ಹೇಳಲಿಲ್ಲ. ಹೇಳಿದ್ದರೆ ಮನೆಗೆ ಬರುವವರೆಗೂ ಅದನ್ನೇ ಹಿಡಿದುಕೊಂಡು ಕುಣಿಯುತ್ತಿದ್ದರು.

ಆ ವರ್ಷ ಗಣೇಶನ ಹಬ್ಬ ಶನಿವಾರ ಬಂತು. ಮೊದಲ ಮ್ಯಾಚೂ ಅವತ್ತೇ ಮಧ್ಯಾಹ್ನ. ನನಗೆ ಆಗ ಐದು ತಿಂಗಳು ನಡೆಯುತ್ತಿತ್ತು. ಹೋದ ಸಲ ಕೈತಪ್ಪಿದ್ದು ಇದೇ ತಿಂಗಳು. ಬೆಳಿಗ್ಗೆ ಎದ್ದಾಗಿನಿಂದ ನನ್ನ ಜೀವ ಕೈಯಲ್ಲಿತ್ತು. ಹೊಟ್ಟೆಯಲ್ಲಿ ಚೂರು ಹಿಡಿದುಕೊಂಡ ಹಾಗಾದರೂ ಮೈ ಬೆವರುತ್ತಿತ್ತು. ಆದರೂ ಕಡುಬು ಮಾಡಿದೆ.

ನಮಗೆ ಪುರೋಹಿತರು ಎಲ್ಲಿಂದ ಬರಬೇಕು? ಬೆಂಗಳೂರಿಂದ ತಂದ ಪೂಜೆಯ ಕ್ಯಾಸೆಟ್ಟು ಒಂದಿತ್ತು. ಅದರಲ್ಲಿ ಒಬ್ಬ ಶಾಸ್ತ್ರಿಗಳು ಮಂತ್ರ ಹೇಳಿ, ನಡುನಡುವೆ ಕನ್ನಡದಲ್ಲಿ "ಈಗ ಅಕ್ಷತೆ ಹಾಕಿ", "ಈಗ ಗಂಟೆ ಬಾರಿಸಿ" ಎಂದು ಹೇಳಿಕೊಡುತ್ತಿದ್ದರು. ಟೇಪ್ ರೆಕಾರ್ಡರನ್ನು ದೇವರ ಪಕ್ಕದಲ್ಲೇ ಇಟ್ಟು ಇವರು ಪಂಚೆಯುಟ್ಟು ಮಣೆಯ ಮೇಲೆ ಕೂತರು. ನಾನು ಪಕ್ಕದಲ್ಲಿ ಕುರ್ಚಿಯ ಮೇಲೆ. ಸಂಕಲ್ಪದ ಹೊತ್ತಿಗೆ ಶಾಸ್ತ್ರಿಗಳು, "ಈಗ ನಿಮ್ಮ ಗೋತ್ರ, ನಕ್ಷತ್ರ, ಹೆಸರು ಹೇಳಿಕೊಂಡು ಮನಸ್ಸಿನ ಕೋರಿಕೆಯನ್ನು ದೇವರಲ್ಲಿ ಅರಿಕೆ ಮಾಡಿಕೊಳ್ಳಿ," ಎಂದು ಸುಮ್ಮನಾದರು. ಕ್ಯಾಸೆಟ್ಟು ಸುಯ್ಯೆಂದು ಖಾಲಿ ಸುತ್ತುತ್ತಿತ್ತು.

ಇವರು ಕಣ್ಣು ಮುಚ್ಚಿ ತಮ್ಮ ಗೋತ್ರ ಹೇಳಿಕೊಂಡರು, ತಮ್ಮ ಹೆಸರು, ನನ್ನ ಹೆಸರು. ಈಗಲಾದರೂ ಒಂದು ಮಾತು ಬರುತ್ತದೆ ಎಂದು ನಾನು ಕಿವಿಗೊಟ್ಟು ಕೂತೆ. ಇವರು ದನಿ ತಗ್ಗಿಸಿ, "ಕಾಶ್ಯಪ ಗೋತ್ರ," ಎಂದು ಶುರುಮಾಡಿ ಆ ಕೋಚಿನ ಹೆಸರನ್ನು ಉದ್ದಕ್ಕೂ, ಮನೆತನದ ಹೆಸರಿನ ಸಮೇತ ಹೇಳಿದರು. "ಇವರಿಗೆ ಜಯ ಸಿಗಲಪ್ಪಾ," ಎಂದು ಅಕ್ಷತೆ ಹಾಕಿದರು. ಅಷ್ಟರಲ್ಲಿ ಶಾಸ್ತ್ರಿಗಳು ಮುಂದಿನ ಮಂತ್ರ ಎತ್ತಿಕೊಂಡರು.

ದೇವರ ಮುಂದೆ ಜಗಳ ಬೇಡ ಎಂದು ಮಂಗಳಾರತಿ ಮುಗಿಯುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ. ಆರತಿ ತಟ್ಟೆ ಕೆಳಗಿಟ್ಟದ್ದೇ ತಡ, ಶುರುಮಾಡಿದೆ.

"ರೀ, ಕಾಶ್ಯಪ ಗೋತ್ರ ಯಾರದು?"

ಇವರು ತಡವರಿಸಿದರು. "ಅದು... ಗೋತ್ರ ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ ಅಂತಾನೇ ಹೇಳೋದು. ನಮ್ಮಪ್ಪನೂ ಹಂಗೇ ಹೇಳ್ತಿದ್ರು."

"ಶಾಸ್ತ್ರ ಹೇಳಿಕೊಡಬೇಡಿ ನಂಗೆ! ಆ ಬೋಳುತಲೆಯವನಿಗೆ ಗೋತ್ರ ಹುಡುಕಿ ಕೊಟ್ರಿ. ಇಲ್ಲಿ ಹೊಟ್ಟೇಲಿರೋದಕ್ಕೆ ಒಂದು ಮಾತು ಹೇಳ್ಬಾರ್ದಾಗಿತ್ತಾ? ಇದರ ಗೋತ್ರ ಯಾವುದು ಅಂತ ಹುಡುಕೋ ಕಷ್ಟಾನೂ ಇರ್ಲಿಲ್ವಲ್ರೀ, ನಿಮ್ಮದೇ ಗೋತ್ರ! ಬೇಡವಾ ನಿಮಗೆ ಈ ಮಗು? ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ."

ಹೇಳಿದ ಮೇಲೆ ನನಗೇ ಭಯವಾಯಿತು. ಹಬ್ಬದ ದಿನ ಎಂಥ ಮಾತಾಡಿಬಿಟ್ಟೆ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ. ಇವರು ಮಣೆಯ ಮೇಲಿಂದ ಏಳಲಿಲ್ಲ. ಪಂಚೆಯ ತುದಿ ಹಿಡಿದು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು.

"ಹೆದರಿಕೆ ಕಣೇ," ಎಂದರು. "ಮೊದಲ್ನೇ ಸಲ ಊರಿಗೆಲ್ಲ ಹೇಳ್ದೆ. ಎರಡನೇ ಸಲ ಬಣ್ಣ ಹೊಡ್ದೆ, ತೊಟ್ಟಿಲು ತಂದೆ. ಎರಡು ಸಲಾನೂ ನಾನೇ ಆಸೆಪಟ್ಟು ಕೆಡಿಸಿದೆ ಅನ್ಸುತ್ತೆ. ಈ ಸಲ ಅದರ ಹೆಸರು ಎತ್ತಲ್ಲ ಅಂತ ಮನಸ್ಸಲ್ಲೇ ಅಂದ್ಕೊಂಡಿದೀನಿ. ದೇವರ ಹತ್ರಾನೂ ಎತ್ತಲ್ಲ."

"ಮತ್ತೆ ಅವನ ಹೆಸರು?"

"ಅವನು ಸೋತ್ರೆ ಏನು ಹೋಯ್ತು ಹೇಳು? ಸೋಮವಾರ ಎದ್ದು ಆಫೀಸಿಗೆ ಹೋಗ್ತೀನಿ. ಮನುಷ್ಯನಿಗೆ ಎಲ್ಲಾದ್ರೂ ಒಂದು ಕಡೆ ಆಸೆ ಇಟ್ಕೋಬೇಕಲ್ಲ. ಅವನ ಮೇಲೆ ಎಷ್ಟು ಆಸೆ ಇಟ್ರೂ ನಿನಗೇನೂ ಆಗಲ್ಲ."

ನೈವೇದ್ಯದ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗೋಣವೆಂದು ಬಗ್ಗಿದೆ. ಆಗ ನೋಡಿದೆ, ದೇವರ ಮುಂದಿನ ತೆಂಗಿನಕಾಯಿಯನ್ನು ಇವರು ಒಡೆದೇ ಇರಲಿಲ್ಲ. ಅರಿಶಿನ ಕುಂಕುಮ ಹಚ್ಚಿ ಇಡಿಯಾಗಿ ಇಟ್ಟಿದ್ದರು. ಹೆಂಡತಿ ಬಸುರಿಯಾಗಿರುವಾಗ ಗಂಡ ಕಾಯಿ ಒಡೆಯಬಾರದು ಎಂದು ನಮ್ಮಲ್ಲಿ ಒಂದು ಪದ್ಧತಿ. ನನಗದು ಮರೆತೇಹೋಗಿತ್ತು, ಇವರಿಗೆ ನೆನಪಿತ್ತು. ಅಲ್ಲೇ ಕುರ್ಚಿಯ ಮೇಲೆ ಕೂತು ಒಂದಷ್ಟು ಅತ್ತೆ. ಇವರು ನೀರು ತಂದುಕೊಟ್ಟರು.

ಊಟವಾದ ಮೇಲೆ ಗಡಿಯಾರ ನೋಡುವುದು, ನನ್ನ ಮುಖ ನೋಡುವುದು. ಕೇಳಲು ಧೈರ್ಯವಿಲ್ಲ. ನಾನೇ ಹೇಳಿದೆ, "ಹೊರಡಿ, ನಿಮ್ಮ ಕಾಶ್ಯಪ ಗೋತ್ರದವರು ಕಾಯ್ತಿರ್ತಾರೆ."

"ನಿನ್ನ ಒಬ್ಬಳನ್ನೇ ಬಿಟ್ಟು ಹೋಗಲ್ಲ."

ಹಾಗೆ ನಾನೂ ಹೊರಟೆ. ಎರಡು ದಿಂಬು, ಒಂದು ಶಾಲು, ಫ್ಲಾಸ್ಕಿನಲ್ಲಿ ಮಜ್ಜಿಗೆ, ಡಬ್ಬಿಯಲ್ಲಿ ಕಡುಬು ತೆಗೆದುಕೊಂಡು, ರೇಷ್ಮೆ ಸೀರೆಯಲ್ಲೇ ಸ್ಟೇಡಿಯಮ್ಮಿಗೆ ಹೋಗಿ ಕೂತೆ. ಮ್ಯಾಚು ಹೀನಾಯವಾಗಿ ಸೋತೆವು. ಕೋಚು ಕಿವಿಗೆ ಫೋನು ಸಿಕ್ಕಿಸಿಕೊಂಡು ಗೆರೆಯ ಉದ್ದಕ್ಕೂ ಆ ಕಡೆಯಿಂದ ಈ ಕಡೆ ಓಡಾಡಿದ್ದೇ ಬಂತು. ಇವರು ಮಾತ್ರ ಗೆದ್ದವರ ಹಾಗೆ ಕಾರು ಓಡಿಸುತ್ತಿದ್ದರು. "ಹೊಸಬ ಅಲ್ವಾ, ಕೈ ಕೂರಕ್ಕೆ ಟೈಮ್ ಬೇಕು." ನಾನು ಬೈಯಲಿಲ್ಲ. ಅವತ್ತಿನಿಂದ ಕೋಚಿಗೆ ಬೈಯುವುದನ್ನೇ ಬಿಟ್ಟೆ. ನನ್ನ ಗಂಡನ ಭಾರವನ್ನೆಲ್ಲ ಹೊತ್ತುಕೊಂಡು ಓಡಾಡುತ್ತಿದ್ದಾನೆ, ಪಾಪ, ಅನ್ನಿಸಿತು.

ಆ ಎರಡು ವಾರ ಹೇಗೆ ಕಳೆದೆವೋ. ಹೋದ ಸಲ ಯಾವ ದಿನಕ್ಕೆ ಆಸ್ಪತ್ರೆಗೆ ಓಡಿದ್ದೆವೋ ಆ ಲೆಕ್ಕ ಇಬ್ಬರ ತಲೆಯಲ್ಲೂ ಇತ್ತು, ಇಬ್ಬರೂ ಹೇಳಲಿಲ್ಲ. ಇವರು ಆಫೀಸಿನಿಂದ ದಿನಕ್ಕೆ ಮೂರು ಸಲ ಫೋನು ಮಾಡುತ್ತಿದ್ದರು. "ಏನಿಲ್ಲ, ಹಾಗೇ ಮಾಡ್ದೆ. ಪೋಸ್ಟ್ ಬಂತಾ?" ಪೋಸ್ಟ್ ದಿನಕ್ಕೆ ಮೂರು ಸಲ ಬರುವುದಿಲ್ಲ ಎಂದು ನಾನೂ ಹೇಳುತ್ತಿರಲಿಲ್ಲ. ಆ ದಿನ ಬಂತು, ಹೋಯಿತು. ಮಾರನೆಯ ದಿನವೂ ಹೋಯಿತು. ಅದಾದ ಶನಿವಾರ ನಮ್ಮ ಟೀಮು ಹೇಗೋ ಏನೋ ಮೊದಲ ಸಲ ಒಂದು ಮ್ಯಾಚು ಗೆದ್ದುಬಿಟ್ಟಿತು. ಇವರು ಸೀಟಿನ ಮೇಲೆ ಹತ್ತಿ ನಿಂತು ಕೂಗಿದರು, ಗಂಟಲು ಕಟ್ಟಿಹೋಗುವಷ್ಟು. ಎದುರಾಳಿಗಳು ಬರೀ ಹುಡುಗುಪಾಳ್ಯ, ಅವರನ್ನು ಗೆಲ್ಲುವುದು ಏನು ಮಹಾ! ಇವರು ಯಾತಕ್ಕೆ ಕೂಗುತ್ತಿದ್ದಾರೆ ಎಂದು ಆ ಇಡೀ ಸ್ಟೇಡಿಯಮ್ಮಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು. ನಾನೂ ಕೂಗಿದೆ.

ಅಕ್ಟೋಬರಿನ ಹೊತ್ತಿಗೆ ನನ್ನ ಹೊಟ್ಟೆ ಯಾರಿಗೂ ಮುಚ್ಚಿಡುವ ಹಾಗಿರಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಮೆರಿಕನ್ ಅಜ್ಜ ಕೂರುತ್ತಿದ್ದರು. ಉಣ್ಣೆಯ ಟೋಪಿ, ಮೊಣಕಾಲಿನ ಮೇಲೆ ಕಂಬಳಿ. ಅದೆಷ್ಟೋ ವರ್ಷದಿಂದ ಅದೇ ಸೀಟು, ಅದೇ ಸೋಲು. ಒಂದು ದಿನ ಹಿಂತಿರುಗಿ, ಮಗು ಯಾವಾಗ ಎಂದು ಇವರನ್ನು ಇಂಗ್ಲಿಷಿನಲ್ಲಿ ಕೇಳಿದರು. ಇವರು ಮೈದಾನದಿಂದ ಕಣ್ಣು ಕೀಳದೆ, "ನಮ್ಮ ಡಿಫೆನ್ಸು ಹೋದ ವಾರಕ್ಕಿಂತ ಎಷ್ಟೋ ಸುಧಾರಿಸಿದೆ," ಎಂದರು. ಅಜ್ಜ ನನ್ನ ಮುಖ ನೋಡಿದರು. ಕೇಳಬೇಡಿ ಎನ್ನುವ ಹಾಗೆ ನಾನು ಮೆಲ್ಲಗೆ ತಲೆಯಾಡಿಸಿದೆ. ಅವರಿಗೆ ಏನು ಅರ್ಥವಾಯಿತೋ, "ಹೌದು, ಸುಧಾರಿಸಿದೆ," ಎಂದು ಮುಂದಕ್ಕೆ ತಿರುಗಿ ಕಂಬಳಿ ಸರಿಮಾಡಿಕೊಂಡರು. ಮತ್ತೆ ಯಾವತ್ತೂ ಕೇಳಲಿಲ್ಲ.

ಅವತ್ತೇ ಬ್ಯಾಂಡಿನವರು ದೊಡ್ಡ ಡೋಲು ಬಾರಿಸಲು ಶುರುಮಾಡಿದಾಗ ಒಳಗಿನ ಜೀವ ಜೋರಾಗಿ ಒದೆಯಿತು. ನಾನು ಏನೂ ಹೇಳದೆ ಇವರ ಕೈ ಹಿಡಿದೆಳೆದು ಶಾಲಿನ ಒಳಗೆ ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಇವರು ನನ್ನ ಕಡೆ ತಿರುಗಲಿಲ್ಲ. ಕೈಯನ್ನು ತೆಗೆಯಲೂ ಇಲ್ಲ. ನಮ್ಮವರು ಚೆಂಡು ಕಳೆದುಕೊಂಡರು, ಎದುರಾಳಿಗಳು ಪಾಯಿಂಟ್ ಹೊಡೆದರು, ಸುತ್ತಲಿನವರೆಲ್ಲ ತಲೆ ಚಚ್ಚಿಕೊಂಡರು. ಇವರು ಮಿಸುಕಲಿಲ್ಲ.

ನವೆಂಬರಿನ ಕೊನೆಯ ಮ್ಯಾಚು ಪಕ್ಕದೂರಿನ ಕಾಲೇಜಿನ ಮೇಲೆ. ಅವರನ್ನೊಬ್ಬರನ್ನು ಸೋಲಿಸಿದರೆ ವರ್ಷದ ಪಾಪವೆಲ್ಲ ಪರಿಹಾರ ಎಂದು ನಮ್ಮವರ ನಂಬಿಕೆ. ಅಲ್ಲಿಯವರೆಗೆ ನಾವು ಗೆದ್ದದ್ದು ಎರಡೇ. ಆದರೆ ಅವತ್ತು ಹುಡುಗರು ನಿಜವಾಗಿ ಆಡಿದರು. ಕೊನೆಯ ನಿಮಿಷಕ್ಕೆ, ಈ ಆಟದಲ್ಲೂ ಅಪರೂಪಕ್ಕೆ ಬರುವ ಒಂದು ಒದೆತ ಕಂಬಗಳ ನಡುವೆ ಹೋದರೆ ಗೆಲುವು ನಮ್ಮದೇ. ಒದೆಯುವ ಹುಡುಗ ಹಿಂದೆ ಸರಿದು ನಿಂತ. ಚೆಂಡು ಹೋಗಿ ಕಂಬಕ್ಕೇ ಬಡಿದು ಹೊರಗೆ ಬಿತ್ತು. ಹುಡುಗ ಮಂಡಿಯೂರಿ ಕುಸಿದ. ಕೋಚು ತನ್ನ ಕಿವಿಯ ಫೋನನ್ನು ಕಿತ್ತು ಎಸೆದು ಅವನ ಹತ್ತಿರ ಓಡಿಹೋದ. ಬೈಯುತ್ತಾನೆ ಅಂದುಕೊಂಡೆ. ಅವನನ್ನು ಎಬ್ಬಿಸಿ, ತಬ್ಬಿಕೊಂಡು, ಕಿವಿಯಲ್ಲಿ ಏನೋ ಹೇಳುತ್ತಾ ಅಷ್ಟು ದೂರವೂ ನಡೆಸಿಕೊಂಡು ಹೋದ. ಇವರು ಅದನ್ನೇ ನೋಡುತ್ತಾ ನಿಂತಿದ್ದರು.

ಜನ ಖಾಲಿಯಾದರು. ನನ್ನ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಇವರು ದಿಂಬುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ನಡೆದರು. ಪಾರ್ಕಿಂಗ್ ಲಾಟು ಎಡಕ್ಕೆ. ಇವರು ಬಲಕ್ಕೆ ತಿರುಗಿದರು.

"ಎಲ್ಲಿಗ್ರೀ? ನನಗೆ ನಿಲ್ಲಕ್ಕಾಗ್ತಿಲ್ಲ."

"ಎರಡು ನಿಮಿಷ."

ಸ್ಟೇಡಿಯಮ್ಮಿನ ಗೋಡೆಯಲ್ಲಿ ಒಂದು ಕಿಟಕಿ. ಮುಂದಿನ ವರ್ಷದ ಟಿಕೆಟ್ಟನ್ನು ಅಲ್ಲೇ ಬರೆಸಬಹುದಾಗಿತ್ತು. ಇಂಥ ಸೋಲಿನ ಮೇಲೆ ಯಾರು ಬರೆಸುತ್ತಾರೆ? ನಾಲ್ಕು ಜನ ಹುಚ್ಚರು ನಿಂತಿದ್ದರು, ಇವರು ಐದನೆಯವರು. ನಾನು ಗೋಡೆಗೊರಗಿ ನಿಂತು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕಿಟಕಿಯೊಳಗೆ ಕನ್ನಡಕ ಹಾಕಿಕೊಂಡ ಹೆಂಗಸು ಫಾರಂ ತುಂಬುತ್ತಿದ್ದಳು. ನಮ್ಮ ಸರದಿ ಬಂದಾಗ, ಈ ವರ್ಷದ ಹಾಗೇ ಎರಡು ಸೀಟು ತಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ, ಮೂರು," ಎಂದರು ಇವರು.

ನನಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಮೂರನೆಯದು ದೊಡ್ಡವರಿಗೋ ಮ­ಕ್ಕಳಿಗೋ ಎಂದಳು ಆಕೆ. ಮಗುವಿಗೆ, ಎಂದರು. ವಯಸ್ಸೆಷ್ಟು ಎಂದಳು.

ಇವರು ಒಂದು ಸಲ ತಿರುಗಿ ನನ್ನನ್ನು ನೋಡಿದರು. ಮುಖ ಬಿಳಿಚಿಕೊಂಡಿತ್ತು. ಮತ್ತೆ ಕಿಟಕಿಯ ಕಡೆ ತಿರುಗಿ, ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದರು. ಇನ್ನೂ ಹುಟ್ಟಿಲ್ಲ. ಜನವರಿಯಲ್ಲಿ ಹುಟ್ಟುತ್ತದೆ. ಎರಡನೇ ವಾರ.

"ಬಿಡ್ತು ಅನ್ನಿ!" ಎಂದು ನನ್ನ ಬಾಯಿಂದ ಬಂದೇಬಿಟ್ಟಿತ್ತು. ಅಷ್ಟು ತಿಂಗಳು ಕಾಪಾಡಿಕೊಂಡು ಬಂದದ್ದನ್ನು ಹೀಗೆ ಬೀದಿಯಲ್ಲಿ ನಿಂತು ಕೂಗಿ ಹೇಳುವುದೇ? ಅದೂ ಸೋತ ದಿನ? ಆ ಹೆಂಗಸು ಪೆನ್ನು ಕೆಳಗಿಟ್ಟು, ಅಷ್ಟು ಚಿಕ್ಕ ಮಗುವಿಗೆ ಸೀಟು ಬೇಕಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡರಾಯಿತು ಎಂದು ನಯವಾಗಿ ಹೇಳಿದಳು. ಇವರು ಒಪ್ಪಲೇ ಇಲ್ಲ. ಬೇಕು, ನನ್ನ ಮಗುವಿಗೆ ಅದರದೇ ಸೀಟು ಬೇಕು, ಬರೆಯಿರಿ ಎಂದು ಹಟ ಹಿಡಿದು ನಿಂತರು. ನನ್ನ ಮಗು. ಆ ಎರಡು ಶಬ್ದವನ್ನು ಇವರ ಬಾಯಲ್ಲಿ ಆ ವರ್ಷ ನಾನು ಮೊದಲ ಸಲ ಕೇಳಿದ್ದು, ಅದೂ ಇಂಗ್ಲಿಷಿನಲ್ಲಿ, ಟಿಕೆಟ್ ಕಿಟಕಿಯಲ್ಲಿ. ನನ್ನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಗೋಡೆ ಬಿಟ್ಟು ಮುಂದೆ ಹೋಗಿ ಇವರ ಪಕ್ಕ ನಿಂತೆ.

"ಎರಡನೇ ವಾರ ಅಲ್ಲ ರೀ, ಮೂರನೇ ವಾರ. ಸರಿಯಾಗಿ ಹೇಳಿ."

"ಡಾಕ್ಟ್ರು ಎರಡು ಅಂದ್ರಲ್ಲ?"

"ಮೂರು ಅಂದಿದ್ದು. ನೀವು ಪೇಪರ್ ಓದ್ತಾ ಕೂತಿದ್ರಿ."

ಇವರು ಆ ಹೆಂಗಸಿಗೆ ಮೂರನೇ ವಾರ ಎಂದು ತಿದ್ದಿ ಹೇಳಿದರು. ಫಾರಮ್ಮಿನಲ್ಲಿ ಅದಕ್ಕೆ ಜಾಗವೇನೂ ಇರಲಿಲ್ಲ. ಆಕೆ ಅಂಚಿನಲ್ಲಿ ಬರೆದುಕೊಂಡಳು.

ಮಗಳು ಎರಡನೇ ವಾರವೇ ಬಂದಳು, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಯಾವ ಭವಿಷ್ಯವೂ ನಿಜವಾಗದ ಮನುಷ್ಯನದು ಅದೊಂದು ನಿಜವಾಯಿತು. ನರ್ಸು ಅವಳನ್ನು ಬಟ್ಟೆಯಲ್ಲಿ ಸುತ್ತಿ ಇವರ ಕೈಗೆ ಕೊಟ್ಟು ಹೋದಳು. ಇವರು ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಮಾತಿಗೆ ಶುರುಮಾಡಿದರು. ಮೈಸೂರಿನ ಮನೆಯ ವಿಷಯ ಹೇಳಿದರು. ಹಾಸನದ ಅಜ್ಜಿ ಬರುತ್ತಾಳೆ, ಎಣ್ಣೆನೀರು ಹಾಕುತ್ತಾಳೆ ಎಂದು ಹೇಳಿದರು. ತೊಟ್ಟಿಲು ಇವತ್ತು ಸಾಯಂಕಾಲವೇ ತರುತ್ತೇನೆ, ಯಾವ ಬಣ್ಣದ್ದು ಬೇಕು ಎಂದು ಕೇಳಿದರು. "ನಿನಗಿಂತ ಮುಂಚೆ ಇಬ್ಬರು ಬಂದಿದ್ರು ಕಂದಾ," ಎಂದು ಅವರಿಬ್ಬರ ವಿಷಯವನ್ನೂ ಹೇಳಿದರು. ನನಗೆ ಕಣ್ಣು ಎಳೆಯುತ್ತಿತ್ತು. ಆದರೂ ನಿದ್ದೆ ಮಾಡಲಿಲ್ಲ, ಒಂದು ಮಾತೂ ತಪ್ಪಿಹೋಗಬಾರದು ಎಂದು ಕಣ್ಣು ಬಿಟ್ಟುಕೊಂಡು ಮಲಗಿದ್ದೆ.